ಜೆರಾಕ್ಸ್ ಅಣ್ಣನ ಇಳಿಜಾರು

ಜೆರಾಕ್ಸ್ ಅಣ್ಣನ ಅಂಗೈಗಳು ಹಿಮ್ಮಡಿಯ ಹಾಗಿದ್ದವು. ದಪ್ಪಗೆ, ಒರಟಾಗಿ, ಅಂಚಿನಲ್ಲಿ ಬಿರುಕುಬಿಟ್ಟು. ಕೈಯಿಂದ ಪೆಡಲು ತಿರುಗಿಸುವ ಮೂರು ಗಾಲಿಯ ಸೈಕಲ್ಲಿನಲ್ಲಿ ಮೂವತ್ತು ವರ್ಷ ಓಡಾಡಿದ ಕೈಗಳವು. ಅದೇ ಕೈಗಳಿಂದ ಹಾಳೆಗಳನ್ನು ಎಷ್ಟು ನಾಜೂಕಾಗಿ ಅಂಟಿಸುತ್ತಿದ್ದರೆಂದರೆ, ಎರಡು ಹಾಳೆ ಸೇರಿದ ಗೆರೆಯನ್ನು ಹುಡುಕಬೇಕಾಗುತ್ತಿತ್ತು.

ಶ್ರೀರಾಂಪುರದ ಮುಖ್ಯರಸ್ತೆಯಲ್ಲಿ, ಬೇಕರಿಯ ಪಕ್ಕ ಅವರ ಅಂಗಡಿ. ಚಿಕ್ಕಂದಿನಲ್ಲೇ ಪೋಲಿಯೋದಿಂದ ಎರಡೂ ಕಾಲುಗಳ ಶಕ್ತಿ ಹೋಗಿತ್ತು. ಅಂಗಡಿಯ ಮುಂದೆ ಗಾರೆಯವನಿಗೆ ಹೇಳಿ ಸಿಮೆಂಟಿನ ಇಳಿಜಾರು ಮಾಡಿಸಿಕೊಂಡಿದ್ದರು. ಅದರ ಮೇಲೆ ಒಂದೇ ದಮ್ಮಿಗೆ ಸೈಕಲ್ ಹತ್ತಿಸಿ ಸೀದಾ ಮೆಷಿನ್ನಿನ ಎದುರು ನಿಲ್ಲುತ್ತಿದ್ದರು. ಯಾರಾದರೂ ಹಿಂದಿನಿಂದ ತಳ್ಳಲು ಬಂದರೆ ತಿರುಗಿಯೂ ನೋಡದೆ, "ಗಾಡಿ ಕೆಟ್ಟಿಲ್ಲ ಕಣ್ರೀ" ಎನ್ನುತ್ತಿದ್ದರು.

ನಾನಾಗ ನಗರ ಯೋಜನೆಯ ಸಣ್ಣ ಕಚೇರಿಯೊಂದರಲ್ಲಿ ಹೊಸದಾಗಿ ಸೇರಿದ್ದೆ. ಬಡಾವಣೆ ಬೆಳೆಯುತ್ತಿತ್ತು, ಆದರೆ ಒಂದು ಔಷಧಿ ಬೇಕೆಂದರೂ ಜನ ಸ್ಕೂಟರ್ ಹತ್ತಿ ಕುವೆಂಪುನಗರಕ್ಕೆ ಓಡುತ್ತಿದ್ದರು. ಬಸ್ ನಿಲ್ದಾಣದ ಸುತ್ತ ಅಗಲವಾದ ಫುಟ್‌ಪಾತು, ನೆರಳಿನ ಮರ, ಕಲ್ಲುಬೆಂಚು, ಮಳೆನೀರು ಇಂಗುವ ಗುಂಡಿ, ಎಲ್ಲವೂ ಇರುವ, ನಡೆದುಕೊಂಡೇ ಹೋಗಿಬರಬಹುದಾದ ಒಂದು ಪೇಟೆ ಮಾಡುವುದು ನಮ್ಮ ಯೋಜನೆ. ನಕ್ಷೆ ಬರೆದವಳು ನಾನೇ. ಹೆಮ್ಮೆಯಿಂದ ಪ್ರತಿ ತೆಗೆಸಲು ಅಣ್ಣನ ಅಂಗಡಿಗೆ ಹೋದೆ.

ತುಂಡು ತುಂಡಾಗಿ ಪ್ರತಿ ತೆಗೆದ ನಕ್ಷೆಯನ್ನು ಅಣ್ಣ ಅಂಟಿಸುತ್ತ ಅಂಟಿಸುತ್ತ ಕೈ ನಿಲ್ಲಿಸಿದರು. "ಚೆನ್ನಾಗೈತೆ ಕಣಮ್ಮ. ಆದ್ರೆ ಇದನ್ನ ನಾನು ಎಂಗೆ ಹತ್ತದು?"

ಬಗ್ಗಿ ನೋಡಿದೆ. ಪ್ರತಿ ತಿರುವಿನಲ್ಲೂ ನನ್ನ ಫುಟ್‌ಪಾತು ಒಂದು ಮೆಟ್ಟಿಲಿನೆತ್ತರದಲ್ಲಿ ಮುಗಿದುಹೋಗಿತ್ತು. ಮುಖ ಬಿಸಿಯಾಯಿತು.

"ಇನ್ನೂ ಹಾಳೆ ಮೇಲೇ ಐತಲ್ಲ, ತಿದ್ಬುಡಿ" ಎಂದು ನಕ್ಕರು.

ಆಮೇಲೆ ಒಂದು ವಾರ ಬೆಳಗಿನ ಹೊತ್ತು ಅವರ ಸೈಕಲ್ಲಿನ ಪಕ್ಕದಲ್ಲೇ ನಡೆದೆ. ಎಲ್ಲಿ ಚರಂಡಿಯ ಕಲ್ಲು ಎದ್ದಿದೆ, ಎಲ್ಲಿ ಮಂಡಿನೋವಿನ ಹೆಂಗಸರು ಕಾಂಪೌಂಡು ಹಿಡಿದು ನಿಲ್ಲುತ್ತಾರೆ, ಎಲ್ಲವನ್ನೂ ತೋರಿಸಿದರು. ನಕ್ಷೆಯನ್ನು ಮೊದಲಿನಿಂದ ಬರೆದೆ.

ಶಾಲೆಯ ಸಭಾಂಗಣದಲ್ಲಿ ಸಾರ್ವಜನಿಕರ ಸಭೆ ಕರೆದಾಗ ದೊಡ್ಡ ಗಲಾಟೆಯಾಯಿತು. ಮುಖ್ಯರಸ್ತೆಯ ಸಾಲಿನ ಎಲ್ಲ ಅಂಗಡಿಗಳ ಮೆಟ್ಟಿಲೂ ಮುಂಚಾಚಿದ ತಗಡಿನ ಶೀಟೂ ರಸ್ತೆಯ ಜಾಗದಲ್ಲೇ ಇದ್ದವು; ಫುಟ್‌ಪಾತಿಗಾಗಿ ಅವನ್ನು ತೆಗೆಯಲೇಬೇಕಿತ್ತು. "ಮೆಟ್ಲು ಒಡೆದು, ಬೈಕ್ ನಿಲ್ಸೋಕೂ ಬುಡ್ದೆ ಹೋದ್ರೆ ಗಿರಾಕಿ ಎಲ್ಲಿಂದ ಬತ್ತಾನ್ರೀ?" ಎಂದು ಬೇಕರಿಯವರು ಮೇಜು ಕುಟ್ಟಿದರು. ನನ್ನ ಉತ್ತರ ಯಾರಿಗೂ ಕೇಳಿಸಲಿಲ್ಲ.

ಹಿಂದಿನಿಂದ ಅಣ್ಣ ಕೈ ಎತ್ತಿದರು. "ನನ್ನ ಇಳಿಜಾರೂ ರಸ್ತೆ ಜಾಗದಲ್ಲೇ ಐತೆ. ಮೊದ್ಲು ಅದನ್ನೇ ಒಡೀರಿ."

ಬೇಕರಿಯವರು ತಲೆ ತಗ್ಗಿಸಿಕೊಂಡು, "ಸರಿ, ಆಮೇಲೆ ನಂದು" ಎಂದರು.

ಮುಂದಿನ ವಾರವೇ ಇಳಿಜಾರು ಒಡೆದರು. ಅಡಿಯಲ್ಲಿ ಹಳೆಯ ನೀರಿನ ಕೊಳವೆ ಸಿಕ್ಕಿತು. ಅದನ್ನು ಪಕ್ಕಕ್ಕೆ ಸರಿಸುವುದು ಯಾರ ಕೆಲಸ ಎಂದು ಎರಡು ಇಲಾಖೆಗಳು ಕಾಗದ ಬರೆದುಕೊಂಡು ಕೂತವು. ಅಂಗಡಿಯ ಮುಂದೆ ಆಳದ ಹಳ್ಳ, ಅದರ ಮೇಲೊಂದು ಹಲಗೆ. ಮೂರು ತಿಂಗಳು ಹಾಗೇ ಇತ್ತು.

ಆ ನಡುವೆ ಒಂದು ಬೆಳಿಗ್ಗೆ ರಸ್ತೆಯ ಆಚೆಯಿಂದ ನೋಡಿದೆ. ಬೇಕರಿಯವರೂ ಅವರ ಕೆಲಸದವನೂ ಅಣ್ಣನನ್ನು ಎತ್ತಿಕೊಂಡು ಹಲಗೆ ದಾಟಿಸುತ್ತಿದ್ದರು. ಅಣ್ಣ ಕಣ್ಣು ಮುಚ್ಚಿಕೊಂಡಿದ್ದರು. ನಾನು ಅಲ್ಲಿಂದಲೇ ಹಿಂತಿರುಗಿದೆ. ಆಮೇಲೆ ಪ್ರತಿ ತೆಗೆಸಲು ಬೇರೆ ಅಂಗಡಿಗೆ ಹೋಗತೊಡಗಿದೆ.

ಹದಿನೈದು ದಿನ ಕಳೆದ ಮೇಲೆ ಅವರೇ ಫೋನ್ ಮಾಡಿದರು. "ಯಾಕಮ್ಮ ಈ ಕಡೆ ಬತ್ತಾನೇ ಇಲ್ಲ?"

"ಬರೋಕೆ ಮುಖ ಇಲ್ಲ ಅಣ್ಣ."

"ಹಳ್ಳ ತೋಡಿದ್ದು ನೀವಲ್ಲ. ಆದ್ರೆ ಮುಚ್ಚಿಸೋದು ನಿಮ್ಮ ಕೆಲ್ಸ. ಮನೇಲಿ ಕೂತ್ರೆ ಮುಚ್ಚತದಾ?"

ಮರುದಿನದಿಂದ ಆ ಎರಡು ಕಚೇರಿಗಳ ಬಾಗಿಲು ಕಾದೆ. ಒಬ್ಬರ ಸಹಿ ಇನ್ನೊಬ್ಬರಿಗೆ ತಲುಪಿಸಿದೆ, ಬೈಸಿಕೊಂಡೆ, ಒಮ್ಮೆ ಒಬ್ಬ ಅಧಿಕಾರಿಯ ಎದುರಿಗೇ ಅತ್ತೆ. ಕೊನೆಗೂ ಕೊಳವೆ ಸರಿಯಿತು, ಅಂಗಡಿಯ ನೆಲಕ್ಕೆ ಸಮನಾಗಿ ಫುಟ್‌ಪಾತಿನ ಕಲ್ಲು ಕೂತಿತು. ತುದಿಯಿಂದ ತುದಿಗೆ ಎಲ್ಲೂ ಮೆಟ್ಟಿಲಿಲ್ಲ.

ಆ ದಿನ ಅಣ್ಣ ಬಸ್ ನಿಲ್ದಾಣದ ಕಡೆಯಿಂದ ಬಂದರು. ಎಲ್ಲೂ ನಿಲ್ಲದೆ, ದಮ್ಮು ಕಟ್ಟದೆ, ಸೀದಾ ಒಳಗೆ ಹೋದರು. ಅಭ್ಯಾಸದಿಂದ ಎರಡೂ ಕೈ ಚಾಚಿ ನಿಂತಿದ್ದ ಬೇಕರಿಯವರು ನಾಚಿಕೊಂಡು ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡರು. ಅವರ ಹಿಂದೆಯೇ ಒಳಗೆ ಹೋದ ನನ್ನ ಕಣ್ಣು ತುಂಬಿತ್ತು. ಅಣ್ಣ ಮೆಷಿನ್ ಹಾಕಿ, "ಏನ್ ತೆಗೀಬೇಕಮ್ಮ?" ಎಂದರು, ತಾವು ನಿನ್ನೆಯೂ ಹೀಗೇ ಬಂದಿದ್ದವರ ಹಾಗೆ.

ನಮ್ಮ ಯೋಜನೆಯಲ್ಲಿ ಪೂರ್ತಿಯಾದದ್ದು ಆ ಒಂದು ರಸ್ತೆ ಮಾತ್ರ. ಸಂಜೆ ಅಲ್ಲಿ ಅಜ್ಜಿಯರು ತರಕಾರಿ ಚೀಲ ಬೆಂಚಿನ ಮೇಲಿಟ್ಟು ಹರಟುತ್ತಾರೆ. ಉಳಿದದ್ದು ಇನ್ನೂ ಕಾಗದದ ಮೇಲಿದೆ. ಅಣ್ಣ ಹೋದ ವರ್ಷ ಕಿಡ್ನಿ ಕಾಯಿಲೆಯಿಂದ ತೀರಿಕೊಂಡರು. ಆ ಮೂರು ತಿಂಗಳಿಗಾಗಿ ನಾನು ಅವರಲ್ಲಿ ಬಾಯಿಬಿಟ್ಟು ಕ್ಷಮೆ ಕೇಳಿರಲೇ ಇಲ್ಲ.

ಈಗ ನಾನು ಬರೆಯುವ ಪ್ರತಿ ಕಾಮಗಾರಿಯ ಷರತ್ತುಗಳಲ್ಲಿ ಮೊದಲನೆಯದು ಯಾವಾಗಲೂ ಒಂದೇ: ಬದಲಿ ದಾರಿ ಬಳಕೆಗೆ ಬರುವ ಮುನ್ನ ಯಾವ ಮನೆಯ, ಯಾವ ಅಂಗಡಿಯ ಮೆಟ್ಟಿಲನ್ನೂ ಇಳಿಜಾರನ್ನೂ ಒಡೆಯತಕ್ಕದ್ದಲ್ಲ. ಇದರಿಂದ ಕೆಲಸ ತಡವಾಗುತ್ತದೆ, ತೆಗೆದುಬಿಡಿ ಮೇಡಂ ಎಂದು ಗುತ್ತಿಗೆದಾರರು ಪ್ರತಿ ಸಲವೂ ಕೇಳುತ್ತಾರೆ. ತಡವಾಗಲಿ ಎನ್ನುತ್ತೇನೆ.