ಹಿಂದೆ ಬಿದ್ದ ದನಿ

ಕ್ಷೌರದಂಗಡಿಯ ಹಳೆಯ ರೆಕಾರ್ಡ್ ಪ್ಲೇಯರಿಗೆ ಮೈಯೆಲ್ಲ ಸೋಮಾರಿತನ. ಬೆಲ್ಟು ಸಡಿಲಾಗಿ ತಟ್ಟೆ ಒಮ್ಮೆ ಏದುತ್ತ, ಒಮ್ಮೆ ಓಡುತ್ತ ತಿರುಗಿದರೆ ಹಾಡು ನೀರೊಳಗಿಂದ ಬಂದ ಹಾಗೆ ತೇಲಾಡುತ್ತಿತ್ತು. ಕುರ್ಚಿಯಲ್ಲಿ ಕೂತವರಿಗೆ ಅರ್ಧ ಗಡ್ಡಕ್ಕೇ ಗೊರಕೆ ಶುರು. ಕ್ಷೌರಿಕನ ಕೈಯೂ ಹಾಡಿನ ಜೊತೆ ನಿಧಾನವಾಗುತ್ತಿತ್ತು.

ಅವನ ಪ್ರಾಣವೆಲ್ಲ ಒಂದು ರೆಕಾರ್ಡಿನಲ್ಲಿತ್ತು. ಹೆಂಡತಿ ಮದುವೆಗೆ ಮುಂಚೆ ಹಾಡಿನ ತಂಡವೊಂದರಲ್ಲಿದ್ದಳು. ಆ ತಂಡ ಹಾಡಿದ್ದು ಅದರಲ್ಲಿತ್ತು. ಅಷ್ಟೊಂದು ಹೆಣ್ಣುದನಿಗಳ ನಡುವೆ ಅವಳದು ಯಾವುದು ಎಂಬುದು ಮಾತ್ರ ಅವನಿಗೆ ಪತ್ತೆಯಾಗಿರಲಿಲ್ಲ. ಕೇಳಿದರೆ, "ಹುಡುಕ್ಕೊಳ್ಳಿ ನೋಡೋಣ" ಎಂದು ನಕ್ಕು, ಟವೆಲು ಒಣಹಾಕಲು ಹೋಗಿಬಿಡುತ್ತಿದ್ದಳು.

ಹಳೆಯ ಪ್ಲೇಯರು ಪೂರ್ತಿ ಕೈಕೊಟ್ಟಾಗ ಅವನು ಷಡ್ಡಕನ ಅಂಗಡಿಗೆ ಹೋದ. ಅಲ್ಲಿದ್ದ ಎಲ್ಲಕ್ಕಿಂತ ದುಬಾರಿ ಪ್ಲೇಯರಿನ ಮುಂದಿಂದ ಅವನ ಕಾಲು ಕದಲಲಿಲ್ಲ.

"ಮಾರೋನು ನಾನು, ನಾನೇ ಬೇಡ ಅಂತಿದೀನಿ," ಎಂದ ಷಡ್ಡಕ. "ಗಡ್ಡ ಕೆರೆಯೋ ಜಾಗಕ್ಕೆ ಇಂಥಾದ್ಯಾಕೆ?"

"ವೇಗ ಹೆಚ್ಚುಕಮ್ಮಿ ಆಗಲ್ಲ ತಾನೇ?"

"ಬೆಳಗಿಂದ ಸಂಜೆವರೆಗೂ ಒಂದೇ ಸಮ. ನಮ್ಮತ್ತೆ ಬೈಗುಳದ ಥರ."

"ಹಾಗಾದ್ರೆ ಕಟ್ಟಿಕೊಡಿ."

ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು. ಗಂಡ ಹೆಂಡತಿ ಎರಡು ಕುರ್ಚಿಗಳಲ್ಲಿ ಕನ್ನಡಿಗೆ ಮುಖಮಾಡಿ ಕೂತರು. ಭಾರದ ತಟ್ಟೆ ಸದ್ದಿಲ್ಲದೆ ತಿರುಗಿತು. ತೇಲಾಟವಿಲ್ಲದ ಹಾಡಿನಲ್ಲಿ ದನಿಗಳು ಮಂಜು ಸರಿದ ಮೇಲಿನ ಮರಗಳಂತೆ ಒಂದೊಂದೇ ಬೇರೆಯಾಗಿ ನಿಂತವು. ಎರಡನೆಯ ಚರಣವನ್ನು ಎಲ್ಲರೂ ಒಟ್ಟಿಗೆ ಎತ್ತಿಕೊಂಡರು. ಒಂದು ದನಿ ಮಾತ್ರ ಕೂದಲೆಳೆಯಷ್ಟು ಹಿಂದೆ ಬಿದ್ದು, ಓಡಿ ಬಂದು ಸೇರಿಕೊಂಡಿತು.

ಕನ್ನಡಿಯಲ್ಲಿ ಹೆಂಡತಿಯ ಮುಖ ಕೆಂಪಾಗಿತ್ತು.

"ನೀನೇ ಅಲ್ವಾ?"

"ಹೂಂ ರೀ. ಹಳೇದ್ರಲ್ಲಿ ಎಲ್ಲರೂ ತೇಲಾಡ್ತಿದ್ರು, ನಾನೂ ಬಚಾವಾಗಿದ್ದೆ."

"ಸಾಲು ಮರೆತುಹೋಗಿತ್ತಾ?"

"ಸಾಲಲ್ಲ. ಅವರೆಲ್ಲ ಎಷ್ಟು ಚೆನ್ನಾಗಿ ಹಾಡ್ತಿದ್ರು ಅಂದ್ರೆ, ಕೇಳ್ತಾ ನಿಂತುಬಿಟ್ಟೆ. ನಾನೂ ಹಾಡ್ಬೇಕು ಅನ್ನೋದೇ ತಲೆಯಲ್ಲಿರಲಿಲ್ಲ."

ಆ ಹುಡುಗಿ ಬಾಯಿ ತೆರೆದುಕೊಂಡು ನಿಂತದ್ದು ಅವನ ಕಣ್ಣಿಗೆ ಕಟ್ಟಿತು. ಅವಳನ್ನು ಆಗ ಅವನು ನೋಡಿಯೇ ಇರಲಿಲ್ಲ. ಎದ್ದು, ಮುಳ್ಳನ್ನು ಮತ್ತೆ ಆ ಚರಣದ ಮೇಲೇ ಇಟ್ಟ. ಇನ್ನೊಮ್ಮೆ ಇಟ್ಟ. ಮೂರನೆಯ ಸಲಕ್ಕೆ ಅವಳೇ, "ಸಾಕು ಬಿಡಿ, ರೆಕಾರ್ಡು ಸವೆಯುತ್ತೆ" ಎಂದಳು; ಆದರೆ ಕುರ್ಚಿ ಬಿಟ್ಟು ಏಳಲಿಲ್ಲ.

ದುಡ್ಡು ದಂಡ ಅಂತ ಷಡ್ಡಕ ಈಗಲೂ ಆಡಿಕೊಳ್ಳುತ್ತಾನೆ. ಎರಡನೆಯ ಚರಣ ಹತ್ತಿರವಾದಾಗ ಕ್ಷೌರಿಕ ಗಿರಾಕಿಯ ಕೆನ್ನೆಯಿಂದ ಕತ್ತಿಯನ್ನು ಎತ್ತಿ ಹಿಡಿಯುತ್ತಾನೆ.

"ಏನಾಯ್ತಣ್ಣ?"

"ಸ್ವಲ್ಪ ಇರಿ, ನಮ್ಮನೆಯವಳು ಬರ್ತಾಳೆ."