ಬೆಲ್ಲಕ್ಕ ಪಥ್ಯ ಇಲ್ಲ

ತೊಂಬತ್ತರ ದಶಕದ ಕಡೀಕಡೀಗೆ ನಮ್ಮ ಅತ್ತಿಯವರಿಗೆ ಶುಗರ್ ಬಂತು. ಅವತ್ತಿನಿಂದ ಬೈಲಹೊಂಗಲದ ನಮ್ಮ ಓಣಿ ಮಂದಿಯೆಲ್ಲಾ ಡಾಕ್ಟರಾದರು. ದವಾಖಾನಿಯವರು ಸಕ್ಕರಿ ಬಿಡ್ರಿ ಅಂದಿದ್ರು. ಅತ್ತಿಯವರು ಸಕ್ಕರಿ ಬಿಟ್ಟು ಬೆಲ್ಲ ಹಿಡದರು. ರಾಮದುರ್ಗಕ್ಕ ಕೊಟ್ಟ ನಾದಿನಿ ಬಂದಾಗೊಮ್ಮೆ ಅವ್ವಗ ಅಂತ ಒಂದ ಪೆಂಟಿ ಬೆಲ್ಲ ತರಾಕಿ. "ಸಕ್ಕರಿ ಮಷೀನಿನ್ಯಾಗಿಂದು. ಬೆಲ್ಲ ನಮ್ಮ ಹೊಲದಾಗಿಂದು, ಅದೇನ ಮಾಡತೈತಿ?" ಅಂತ ಆಕಿ ವಾದ. ಎರಡೂ ಕಬ್ಬಿನಿಂದನ ಆಗತಾವಲ್ಲ ಅಂತ ನಾ ಅಂದ್ರ, ಸಾಲಿ ಕಲತ ಸೊಸಿ ಬಾಯಿ ನೋಡ್ರಿ ಅನ್ನೋರು ಎಲ್ಲಾರೂ.

ಆರೇಳು ವರ್ಷದಾಗ ಅತ್ತಿಯವರ ನೆನಪು ಜಾರಾಕ ಹತ್ತಿತು. ಚಹಾ ಕುಡದು ಕಪ್ಪು ಕೆಳಗಿಡೂದ್ರಾಗ ಕುಡದದ್ದ ಮರೀತಿದ್ರು. ಕಟ್ಟಿ ಮ್ಯಾಲ ಕುಂತು ಹೋಗೂ ಬರೂ ಮಂದಿಗೆಲ್ಲಾ, "ಮುಂಜಾನಿಂದ ಒಂದ ಗುಟಕ ಚಹಾ ಕೊಟ್ಟಿಲ್ರಿ ನನ್ನ ಸೊಸಿ" ಅನ್ನೋರು. ನಮ್ಮ ಓಣ್ಯಾಗ ಕರುಣೆಗೇನು ಕಮ್ಮಿ? ಮನಿಗೊಂದು ಕಪ್ಪು ಬರತಿತ್ತು. ಶುಗರ್ ಐತಿ ಅಂತ ಎಲ್ಲಾರಿಗೂ ಗೊತ್ತಿತ್ತಲ್ಲ, ಅದಕ್ಕ ಬೆಲ್ಲದ ಚಹಾನ ಕೊಡತಿದ್ರು, ಶಾಣ್ಯಾ ಮಂದಿ. ಅತ್ತಿಯವರ ಶುಗರ್ ಏರಿತು, ನನ್ನ ಮರ್ಯಾದಿ ಇಳೀತು.

ಈಗ ಓದತೇನಿ: ರಕ್ತದಾಗ ಹೆಚ್ಚಾದ ಸಕ್ಕರಿ ಮೈಯಾಗಿನ ಪ್ರೋಟೀನಿಗೆ ಅಂಟಿಕೊಂಡು ಅದನ್ನ ಕೆಡಸತೈತಂತ. ಮಿದುಳು ಕಾಯೋ ಪ್ರೋಟೀನೂ ಹಂಗ ಕೆಟ್ಟು ಕೆಲಸ ಬಿಟ್ಟರ, ಅಲ್ಜೈಮರ್ ಅನ್ನೋ ಮರವಿನ ರೋಗಕ್ಕ ಅದೂ ಒಂದು ಕಾರಣ ಆಗಬಹುದಂತ. ಆಗಬಹುದು ಅಂತಾರ ವಿಜ್ಞಾನಿಗಳು, ಪಾಪ, ಅವರಿಗೆ ಇನ್ನೂ ಸಂಶಯ ಐತಿ. ನಮ್ಮ ಓಣಿಗೆ ಯಾವತ್ತೂ ಯಾವ ಸಂಶಯನೂ ಇರಲಿಲ್ಲ.

ಅವಾಗ ತಡಿಲಾರದ ನಾನು ಒಂದಿನ ಬೆಲ್ಲ ಮುಚ್ಚಿಟ್ಟು, ಮನಿಮನಿಗೆ ಹೋಗಿ ಚಹಾ ಕೊಡಬ್ಯಾಡ್ರಿ ಅಂತ ಹೇಳಿ ಬಂದೆ. ಸುದ್ದಿ ರಾಮದುರ್ಗ ಮುಟ್ಟಿತು. ನಾದಿನಿ ನಾಕ ಮಂದಿ ಹಿರ್ಯಾರನ್ನ ಕರಕೊಂಡ ಬಂದು, "ನಮ್ಮವ್ವನ್ನ ಉಪವಾಸ ಕೆಡವ್ಯಾಳ, ನಾ ಕರಕೊಂಡ ಹೋಗತೇನಿ" ಅಂತ ಪಡಸಾಲ್ಯಾಗ ಕುಂತಳು. ಹಿರ್ಯಾರು ಅತ್ತಿಯವರನ್ನ ಕೇಳಿದರು: "ಎಲ್ಲಿ ಇರತೀಯವಾ?"

ಅತ್ತಿಯವರು ಮಗಳನ್ನ ನೋಡಿದರು, ಗುರುತು ಹತ್ತಲಿಲ್ಲ. ನನ್ನ ಕೈ ಹಿಡದರು. "ತಂಗಿ, ನೀ ಚೊಲೊ ಮಂದ್ಯಾಕಿ ಕಾಣತಿ. ಈ ಮನಿ ಸೊಸಿ ನನಗ ಕೂಳ ಹಾಕೂದಿಲ್ಲ. ನಿಮ್ಮ ಮನಿಗೆ ಕರಕೊಂಡ ಹೋಗು."

"ಕೇಳಿದ್ರಿಲ್ಲೊ?" ಅಂದಳು ನಾದಿನಿ. ಹಿರ್ಯಾರು ಗೋಣ ಹಾಕಿದರು. ನನಗ ಸಿಟ್ಟು ಬಂತು, ಅಳೂ ಬಂತು. "ನಡೀರಿ" ಅಂದು ಅತ್ತಿಯವರನ್ನ ಅಡಗಿಮನಿಗೆ ಕರಕೊಂಡ ಹೋಗಿ, ರೊಟ್ಟಿ ಮುರದು ಪಲ್ಯಾದಾಗ ಕಲಿಸಿ ಉಣಿಸಿದೆ.

ಅತ್ತಿಯವರು ನನ್ನ ಗಲ್ಲ ಸವರಿದರು. "ನಿಮ್ಮತ್ತಿ ಪುಣ್ಯಾ ಮಾಡ್ಯಾಳ ತಂಗಿ" ಅಂದರು.