ಬುತ್ತಿ ಹಳಸದ ದೂರ

ಕುರುಗೋಡಿನ ಜಡೆಮ್ಮನ ಮನೆಗೆ ಹೆಣ್ಣು ಕೇಳಲು ಹೋದವರು ಹುಡುಗನಿಗೆ ಎಷ್ಟು ಹೊಲ, ಎಷ್ಟು ಎತ್ತು ಎಂದು ಹೇಳಿಕೊಳ್ಳುವ ಅಗತ್ಯವೇ ಇರಲಿಲ್ಲ. ಆಕೆ ಕೇಳುತ್ತಿದ್ದದ್ದು ಒಂದೇ ಮಾತು: “ನಸುಕಿನಾಗ ಕಟ್ಟಿದ ಮೊಸರನ್ನದ ಬುತ್ತಿ ನಿಮ್ಮೂರು ಮುಟ್ಟೂತನಕ ಹಳಸ್ತೈತೋ ಇಲ್ಲೋ?” ಹಳಸುತ್ತದೆ ಎಂದರೆ ಅಲ್ಲಿಗೆ ಮುಗಿಯಿತು. ನೀರು ಕೊಟ್ಟು, ಎಲೆ ಅಡಿಕೆ ಕೊಟ್ಟು, ಬಂದ ದಾರಿ ತೋರಿಸಿಬಿಡುತ್ತಿದ್ದಳು.

ಊರವರು ಇದನ್ನು ಹಟ ಎನ್ನುತ್ತಿದ್ದರು. ಹಟವೇ ಹೌದು, ಆದರೆ ಸುಮ್ಮನೆ ಬಂದದ್ದಲ್ಲ. ಜಡೆಮ್ಮ ಹುಟ್ಟಿದ್ದು ಸಿರುಗುಪ್ಪದಲ್ಲಿ. ಹದಿನಾಲ್ಕು ತುಂಬುವ ಮೊದಲೇ ಅವಳನ್ನು ಕುರುಗೋಡಿನ ದೊಡ್ಡಬಸಪ್ಪನಿಗೆ ಕೊಟ್ಟರು. ನಡುವೆ ಎತ್ತಿನ ಗಾಡಿಗೆ ಎರಡು ದಿನದ ಎರೆಮಣ್ಣಿನ ಹಾದಿ. ಮಳೆ ಬಿದ್ದರೆ ಮೂರು. ಮೊದಲ ಪಂಚಮಿಗೆ ಕರೆಯಲು ಬರಲಾಗದೆ ಅವ್ವ ಯಾರದೋ ಗಾಡಿಯಲ್ಲಿ ಬುತ್ತಿ ಕಳಿಸಿದ್ದಳು. ಅದು ಮುಟ್ಟಿದ್ದು ಮೂರನೆಯ ದಿನ, ಬೂಷ್ಟು ಹಿಡಿದು. “ಎಮ್ಮಿಗೆ ಹಾಕು” ಎಂದಳು ಅತ್ತೆ. ಜಡೆಮ್ಮ ಕೊಟ್ಟಿಗೆಗೆ ಒಯ್ದು, ಎಮ್ಮೆಗೆ ಬೆನ್ನು ಮಾಡಿ ಕೂತು, ಆ ಬುತ್ತಿಯಲ್ಲೇ ಒಂದು ತುತ್ತು ತಿಂದು ಬಿಕ್ಕಿ ಬಿಕ್ಕಿ ಅತ್ತಳು. ಮಗಳು ಹುಟ್ಟಿದರೆ ಬುತ್ತಿ ಹಳಸುವಷ್ಟು ದೂರ ಕೊಡುವುದಿಲ್ಲ ಎಂದು ಅವತ್ತೇ ಆಣೆ ಮಾಡಿಕೊಂಡಳು.

ಮಗಳು ಹುಟ್ಟಿದಳು, ಬೆಳೆದಳು. ಪಾರಮ್ಮನಿಗೆ ಹದಿನೆಂಟು ದಾಟಿತು. ಸ್ವಾತಂತ್ರ್ಯವೇ ಬಂದು ಎರಡು ವರ್ಷವಾಯಿತು, ಅವಳಿಗೆ ಗಂಡು ಮಾತ್ರ ಬರಲಿಲ್ಲ. ಆಗ ಸಿರುಗುಪ್ಪದಿಂದ ಬಂದವನು ಜಡೆಮ್ಮನ ತಮ್ಮ ಗಾದೆಪ್ಪ. ಅವನು ತಂದ ಗಂಡು ಹೊಸಪೇಟೆಯ ಚಂದ್ರಣ್ಣ, ಅಲ್ಲಿ ಕಟ್ಟುತ್ತಿದ್ದ ತುಂಗಭದ್ರಾ ಅಣೆಕಟ್ಟಿನಲ್ಲಿ ಮೇಸ್ತ್ರಿ. ಹೆಣ್ಣು ನೋಡಲು ಬಂದಾಗ ಪಾರಮ್ಮ ಅವನಿಗೆ ಒಂದು ತಂಬಿಗೆ ನೀರು ಕೊಟ್ಟಿದ್ದಳು, ಅಷ್ಟೇ. ಅಂದಿನಿಂದ ಅವಳು ಹಾಡದೆ ಒಂದು ರೊಟ್ಟಿಯನ್ನೂ ತಟ್ಟಿದವಳಲ್ಲ.

“ಹೊಸಪೇಟಿ ಭಾಳ ದೂರ” ಎಂದಳು ಜಡೆಮ್ಮ.

“ಅಕ್ಕಾ, ನೀ ಇನ್ನೂ ಎತ್ತಿನ ಲೆಕ್ಕದಾಗ ಅದೀಯಲ್ಲ! ಬಳ್ಳಾರಿಗೆ ಬಸ್ಸು, ಬಳ್ಳಾರಿಯಿಂದ ರೈಲು. ಹತ್ತಿ ಕುಂತು ಎಲಿ ಅಡಿಕಿ ಹಾಕ್ಕೊಂಡು ಉಗುಳೂದ್ರಾಗ ಹೊಸಪೇಟಿ. ಅಲ್ಲಿ ಉಂಡು ತಿರುಗಿ ಹತ್ತಿದ್ರ ಎಮ್ಮಿ ಕರಿಯೋ ಹೊತ್ತಿಗೆ ಮನಿಯಾಗಿರ್ತಿ.”

ಎಮ್ಮೆಯ ಮಾತು ಸುಮ್ಮನೆ ತೆಗೆದದ್ದಲ್ಲ. ಆ ಮನೆಯ ಎಮ್ಮೆ ಜಡೆಮ್ಮನ ಕೈಗಲ್ಲದೆ ಬೇರೆಯವರಿಗೆ ಹಾಲು ಕೊಡುತ್ತಿರಲಿಲ್ಲ. ದೊಡ್ಡಬಸಪ್ಪನಿಗೆ ಎರಡು ಸಲ ಒದ್ದಿತ್ತು.

ಜಡೆಮ್ಮ ಒಂದು ರಾತ್ರಿ ಯೋಚಿಸಿ, ಮರುದಿನ ಹೊಸಪೇಟೆಗೆ ಹೇಳಿ ಕಳಿಸಿದಳು: ಬರುವ ಭಾನುವಾರ ಮುಂಜಾನೆಯ ಗಾಡಿಗೆ ಬುತ್ತಿ ತರುತ್ತೇನೆ. ಹಳಸದಿದ್ದರೆ ಅಲ್ಲೇ ವೀಳ್ಯ ಬದಲಿಸಿ ಮಾತು ಗಟ್ಟಿ ಮಾಡೋಣ. ಆ ಗಾಡಿಗೆ ನಾನು ಬರಲಿಲ್ಲವೆಂದರೆ ಸಂಬಂಧ ಬೇಡವಾಯಿತೆಂದು ತಿಳಿಯಿರಿ.

ಭಾನುವಾರ ಕೋಳಿ ಕೂಗುವ ಮೊದಲೇ ಪಾರಮ್ಮ ಅನ್ನಕ್ಕೆ ಇಟ್ಟಿದ್ದಳು. ಅವ್ವನ ಕೈಗೆ ಬುತ್ತಿ ಕೊಡುವಾಗ ಗಂಟನ್ನು ಎರಡು ಸಲ ಬಿಗಿ ಮಾಡಿದಳು.

ಬಳ್ಳಾರಿ ಸ್ಟೇಷನ್ನಿಗೆ ಬಂದಾಗ ಗಾಡಿ ಹೊರಡಲು ಇನ್ನೂ ಹೊತ್ತಿತ್ತು. “ನೀ ಟಿಕೀಟು ತಗೊಂಡು ನಿಂತಿರು, ಬೀಗರಿಗೆ ಬಾಳಿಹಣ್ಣು ತರ್ತೀನಿ” ಎಂದು ಗಾದೆಪ್ಪ ಹೋದ. ಜಡೆಮ್ಮ ಕಿಟಕಿಯ ಮುಂದೆ ನಿಂತಳು. ಒಳಗಿದ್ದ ಗುಮಾಸ್ತ ತಲೆ ಎತ್ತದೆ ಕೇಳಿದ: “ಎಲ್ಲಿಗಮ್ಮಾ?”

ಶುಭಕಾರ್ಯಕ್ಕೆ ಹೊರಟವರನ್ನು ಎಲ್ಲಿಗೆ ಎಂದು ಕೇಳುವುದುಂಟೇ? ಜಡೆಮ್ಮ ತುಟಿ ಬಿಗಿದು ನಿಂತಳು. ಪಾಪ, ಈಕೆಗೆ ಕನ್ನಡ ಬರುವುದಿಲ್ಲ ಎಂದುಕೊಂಡ ಗುಮಾಸ್ತ. “ಎಕ್ಕಡಿಕಮ್ಮಾ?” ಎಂದು ತೆಲುಗಿನಲ್ಲಿ ಕೇಳಿದ. ಒಳ್ಳೆಯ ಮನುಷ್ಯ, ಬೇಸರಪಡದೆ ಉರ್ದುವಿನಲ್ಲೂ ವಿಚಾರಿಸಿದ: “ಕಹಾಂ ಜಾನಾ, ಅಮ್ಮಾ?”

ಮೂರು ಭಾಷೆಯಲ್ಲಿ ಮೂರು ಅಪಶಕುನ! ಕೇಳಿಸಿಕೊಂಡಾದ ಮೇಲೆ ಹಾಗೇ ಮುಂದೆ ಹೋಗುವಂತಿಲ್ಲ. ಹಿಂದಕ್ಕೆ ಬಂದು, ಕೂತು, ನೀರು ಕುಡಿದು, ಹೊಸದಾಗಿ ಹೊರಡಬೇಕು. ಮೂರು ಸಲ ಕೇಳಿದ್ದಾನೆ, ಮೂರು ಸಲ ಕೂತು ಏಳಬೇಕು. ಜಡೆಮ್ಮ ಮೂಲೆಗೆ ಹೋಗಿ ಕೂತಳು, ನೀರು ಕುಡಿದಳು, ಎದ್ದಳು. ಮತ್ತೆ ಕೂತಳು. ಮೂರನೆಯ ಗುಟುಕು ಗಂಟಲಲ್ಲಿ ಇಳಿಯುವಾಗಲೇ ಗಾಡಿ ಸಿಳ್ಳೆ ಹಾಕಿತು. ಬಾಳೆಹಣ್ಣು ಹಿಡಿದು ಓಡಿ ಬಂದ ಗಾದೆಪ್ಪನಿಗೆ ಕಂಡದ್ದು ಗಾಡಿಯ ಬಾಲ ಮತ್ತು ತಂಬಿಗೆ ಹಿಡಿದ ಅಕ್ಕ. ನಡೆದದ್ದನ್ನು ಅವಳು ಹೇಳಿದಳು.

“ಮಾಡಿದ್ಯಲ್ಲಕ್ಕಾ ಕೆಲಸಾನ! ಟಿಕೀಟು ಕೊಡಾಂವ ಎಲ್ಲಿಗೆ ಅಂತ ಕೇಳದ ನಿನ್ನ ಗೋತ್ರ ಕೇಳ್ಬೇಕಿತ್ತೇನು?”

ಬೇರೆ ದಿನವಾಗಿದ್ದರೆ ಜಡೆಮ್ಮ ಅವನ ಚಳಿ ಬಿಡಿಸುತ್ತಿದ್ದಳು. ಇಂದು ತಂಬಿಗೆಯನ್ನು ಕೆಳಗಿಟ್ಟು ಲೆಕ್ಕ ಹಾಕಿದಳು. ಮುಂದಿನ ಗಾಡಿ ಮೂರು ಗಂಟೆಗೆ. ಅದಕ್ಕೆ ಹೋದರೆ ಸಂಜೆಗೆ ಮನೆ ಮುಟ್ಟುವುದಿಲ್ಲ, ಎಮ್ಮೆ ಕೆಚ್ಚಲು ಬಿಗಿದುಕೊಂಡು ಒದ್ದಾಡುತ್ತದೆ. ಹೋಗಿಯಾದರೂ ಏನು? ಆ ಗಾಡಿಗೆ ಬರಲಿಲ್ಲವೆಂದರೆ ಮಾತು ಮುರಿಯಿತೆಂದು ಹೇಳಿ ಕಳಿಸಿದವಳು ತಾನೇ. ಕುರುಗೋಡಿನ ಬಸ್ಸಿನ ಹೊತ್ತಾಗುವವರೆಗೆ ಇಬ್ಬರೂ ಪ್ಲಾಟ್‌ಫಾರ್ಮಿನ ಬೇವಿನ ಮರದ ಕೆಳಗೆ ಕೂತರು. ಜಡೆಮ್ಮ ಬುತ್ತಿಯ ಗಂಟನ್ನು ನೆರಳಿಗೆ ಸರಿಸಿದಳು. ಮಗಳಿಗೆ ಒಳ್ಳೆಯದಾಗಲಿ ಎಂದು ಇಟ್ಟುಕೊಂಡ ಆಣೆಯೇ ಮಗಳ ಕೊರಳಿಗೆ ಉರುಳಾಯಿತಲ್ಲ ಎಂದು ಮೊದಲ ಸಲ ಅನ್ನಿಸಿತು.

ಎರಡೂವರೆಗೆ ಎದುರಿನಿಂದ ಒಂದು ಗಾಡಿ ಬಂದು ನಿಂತಿತು. ಇಳಿದ ಮಂದಿಯ ನಡುವೆ ಬಿಳಿ ಅಂಗಿಯ ಒಬ್ಬ ಅತ್ತಿತ್ತ ನೋಡುತ್ತ, ಹೆಚ್ಚು ಕಡಿಮೆ ಓಡುತ್ತಲೇ ಬಂದ.

“ಲೇ ಚಂದ್ರಣ್ಣ!” ಎಂದು ಗಾದೆಪ್ಪ ಎದ್ದು ನಿಂತ.

ಚಂದ್ರಣ್ಣ ಏದುಸಿರು ಬಿಡುತ್ತ ಜಡೆಮ್ಮನ ಕಾಲು ಮುಟ್ಟಿದ. “ಎಲ್ರೂ ಆರಾಮ ಅದೀರೇನಮ್ಮಾ? ಹಾದಿಯಾಗ ಏನೂ ಆಗಿಲ್ಲಲ್ಲ?”

ಜಡೆಮ್ಮ ಗಂಟು ಬಿಚ್ಚಿ ಬುತ್ತಿಯನ್ನು ಅವನ ಮುಂದೆ ಇಟ್ಟಳು. ಅವನು ಕೈ ತೊಳೆದು ಬಂದು ಒಂದು ತುತ್ತು ತಿಂದ, ಎರಡನೆಯದೂ ತಿಂದ. ಗಾದೆಪ್ಪ ಅಕ್ಕನ ಹಿಂದೆ ನಿಂತು, ಚಲೋ ಐತಿ ಅನ್ನು ಎಂದು ಕಣ್ಣು, ಹುಬ್ಬು, ಕೈ ಎಲ್ಲ ಬಳಸಿ ಸನ್ನೆ ಮಾಡುತ್ತಿದ್ದ.

“ಹುಳಿ ಬಂದೈತಮ್ಮಾ” ಎಂದ ಚಂದ್ರಣ್ಣ. ಗಾದೆಪ್ಪ ಹಣೆ ಚಚ್ಚಿಕೊಂಡ.

“ಮಾತು ಮುರಿದಂಗ ಅಂತ ನಾ ಹೇಳಿ ಕಳಿಸಿದ್ದೆನಲ್ಲಪ್ಪ” ಎಂದಳು ಜಡೆಮ್ಮ. “ಮತ್ಯಾಕ ಬಂದಿ?”

“ಮುಂಜಾನಿ ಗಾಡಿಯಿಂದ ನೀವು ಇಳೀಲಿಲ್ಲ. ಬ್ಯಾಡ ಆಗೈತೋ, ಏನರ ತ್ರಾಸು ಆಗೈತೋ, ಕೇಳಿಕ್ಯಂಡು ಹೋಗಾಣ ಅಂತ ಬಂದೆ. ಗಾಡಿ ನಮ್ಮ ಕಡಿಯಿಂದನೂ ಬರ್ತೈತಲ್ಲಮ್ಮಾ.”

ಜಡೆಮ್ಮ ಅವನನ್ನೇ ನೋಡುತ್ತ ಕೂತಳು. ಇಷ್ಟು ವರ್ಷ ತಾನು ಮಗಳ ಊರನ್ನು ಎಷ್ಟು ಹೊತ್ತಿಗೆ ಮುಟ್ಟುತ್ತೇನೆ ಎಂದು ಲೆಕ್ಕ ಹಾಕಿದ್ದಳೇ ಹೊರತು, ಆ ಕಡೆಯಿಂದ ಒಬ್ಬರು ಎದ್ದು ಬಂದಾರು ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಸಂತೋಷಕ್ಕೆ ಅವಳ ಕಣ್ಣು ತುಂಬಿದವು. ಒರೆಸಿಕೊಳ್ಳಲೂ ಹೋಗಲಿಲ್ಲ.

“ಮೂರರ ಗಾಡಿಗೆ ಹೋಗು” ಎಂದಳು. “ಪಾರಿನ್ನ ಕೊಟ್ಟಾರ ಅಂತ ನಿಮ್ಮವ್ವಗ ಹೇಳು.”